ಧರ್ಮಣ್ಣ ಕಾಕಾನ ಬಿಳಿ ದಸ್ತಿ

ನನ್ನ ಕೆಲಸ ಹೊಗೆ ಅಳೆಯುವುದು. ಇಂಜಿನಿಯರಿಂಗ್ ಓದಿಸಿದ ಅಪ್ಪನಿಗೆ ಇದನ್ನು ಬಿಡಿಸಿ ಹೇಳುವ ಧೈರ್ಯ ಇನ್ನೂ ಬಂದಿಲ್ಲ. ಡೀಸೆಲ್ ಜನರೇಟರಿಗೆ ಪೈಪಿನ ಗ್ಯಾಸ್ ಜೋಡಿಸುವ ಕಂಪನಿಯಲ್ಲಿ ಮೀಟರು ಹಿಡಿದು ಅಲೆಯುತ್ತೇನೆ.

ನಾಸಿಕ್‌ನ ಅಂಬಡ್‌ನಲ್ಲಿ ಒಂದು ಹೊಸ ಕಾರ್ಖಾನೆಯ ಶೆಡ್ಡಿಗೆ ಇನ್ನೂ ಕರೆಂಟ್ ಬಂದಿಲ್ಲ. ದಿನವಿಡೀ ಜನರೇಟರೇ ಗತಿ. ಅದನ್ನು ನಡೆಸುವವರು ಬೀದರ್ ಕಡೆಯ ಧರ್ಮಣ್ಣ ಕಾಕಾ. ಸೈಲೆನ್ಸರಿನ ಪಕ್ಕಕ್ಕೇ ಅವರ ಮನೆಯ ಕಿಟಕಿ. ಡೀಸೆಲ್ ಹೊಗೆಗೆ ದಮ್ಮು ಹತ್ತಿ ಹೆಂಡತಿ ಮಲಕವ್ವ ವೈಜಾಪುರದ ಮಗಳ ಮನೆ ಸೇರಿದ್ದರು.

ನಾವು ಗ್ಯಾಸ್ ಜೋಡಿಸಿದ ದಿನ ಕಾಕಾ ತಮ್ಮ ಹಳೆಯ ಪರೀಕ್ಷೆ ನಡೆಸಿದರು. ಬಿಳಿ ದಸ್ತಿಯನ್ನು, ಅಂದರೆ ಕರವಸ್ತ್ರವನ್ನು, ಕೋಲಿಗೆ ಕಟ್ಟಿ ಸೈಲೆನ್ಸರಿನ ಬಾಯಿಗೆ ಹಿಡಿದರು. ಮೊದಲೆಲ್ಲ ರೊಟ್ಟಿ ಹಂಚಿನ ತಳದಂತಾಗುತ್ತಿದ್ದ ಬಟ್ಟೆ ಬೆಳ್ಳಗೇ ಉಳಿಯಿತು. ಅಲ್ಲಿಂದಲೇ ಹೆಂಡತಿಗೆ ಫೋನ್ ಹಚ್ಚಿದರು: "ಬಾ ಇನ್ನ. ಹೊಗಿ ಹೋಯ್ತು."

ಮುಂದಿನ ತಪಾಸಣೆಗೆ ಹೋದಾಗ ಮಲಕವ್ವ ಬಂದಿದ್ದರು. ಕಣ್ಣು ಕೆಂಪಗೆ, ತಲೆಗೆ ಬಿಗಿದ ಬಟ್ಟೆ.

"ಮಗಳ ನೆನಪಾಗಿ ಅಳ್ತಾಳ," ಕಾಕಾ ಪಿಸುಗುಟ್ಟಿದರು. ಜನರೇಟರಿನೊಡನೆ ಬಾಳಿದವರ ಪಿಸುಮಾತು ರಸ್ತೆಯವರೆಗೂ ಕೇಳುತ್ತದೆ. "ಮತ್ತ ಹೋಗ್ತೀನಿ ಅಂದ್ರ ನಾ ಏನ್ ಮಾಡ್ಲಿ?"

ಕಾಕಾ ನೀರಿಗೆ ಹೋದಾಗ ಮಲಕವ್ವ ಕಾಕೂ ಹೇಳಿದರು: "ಅಳೂದಿಲ್ಲಪ್ಪ. ಮಧ್ಯಾಹ್ನ ಊಟದ ಹೊತ್ತಿಗೆ ಕಣ್ಣು ಉರೀತಾವ, ತಲಿ ಸಿಡೀತದ. ಅವರು ನೋಡಿದ್ರ ಆ ದಸ್ತಿ ತೋರ್ಸಿ ತೋರ್ಸಿ ನಗ್ತಾರ. ಹ್ಯಾಂಗ್ ಹೇಳ್ಲಿ?"

ಊಟದ ಹೊತ್ತಿಗೆ ಮೀಟರು ಹಚ್ಚಿದೆ. ಮಷಿನುಗಳು ನಿಂತಿದ್ದವು, ಬರೀ ಫ್ಯಾನುಗಳಿಗಾಗಿ ಇಂಜಿನ್ ಓಡುತ್ತಿತ್ತು. ಲೋಡ್ ಕಡಿಮೆಯಾದರೆ ಗ್ಯಾಸ್ ಪೂರ್ತಿ ಸುಡುವುದಿಲ್ಲ. ಸುಡದ ಗ್ಯಾಸೂ ಕಾರ್ಬನ್ ಮಾನಾಕ್ಸೈಡೂ ಕಣ್ಣು ಉರಿಸುವ ಆವಿಯೂ ಬಣ್ಣವಿಲ್ಲದೆ ಹೊರಬೀಳುತ್ತವೆ. ಮೀಟರಿನ ಅಂಕಿ ಏರುತ್ತಲೇ ಹೋಯಿತು. ದಸ್ತಿ ಮಾತ್ರ ಮಲ್ಲಿಗೆಯಂತಿತ್ತು. ಕಾಕಾನಿಗೆ ಅಂಕಿ ತೋರಿಸಿ, ಕಾಕೂನ ಕಣ್ಣುರಿಗೂ ತಲೆನೋವಿಗೂ ಇದೇ ಕಾರಣ ಎಂದೆ.

"ಆ ಹೊತ್ತಿಗೆ ಬರೀ ಡೀಸೆಲ್ ಮ್ಯಾಲೇ ಓಡಿಸ್ಲಾ?" ಕಾಕಾನ ಮುಖ ಇಳಿದಿತ್ತು.

"ಕಾಕೂಗ ಮತ್ತ ದಮ್ಮು ಬರ್ತದಲ್ರಿ. ಸೈಲೆನ್ಸರ್ ಪೈಪ್ ಕಿಟಕಿಗಿಂತ ಮ್ಯಾಲ ಎತ್ತಿಸ್ಲಿಕ್ಕ ಮಾಲಕರಿಗೆ ನಾ ಹೇಳ್ತೀನ್ರಿ."

ನನ್ನ ಮಾತನ್ನು ನನ್ನ ಕಂಪನಿಯಲ್ಲೇ ಯಾರೂ ಕೇಳುವುದಿಲ್ಲವೆಂದು ಅವರಿಗೆ ಗೊತ್ತಿರಲಿಲ್ಲ.

"ಹೇಳ್ರಿ. ಅಲ್ಲೀತನಕ ಏನ್ ಮಾಡೂದು?" ಎನ್ನುತ್ತ ಕಾಕಾ ಹೋಗಿ ಇಂಜಿನ್ನನ್ನೇ ನಿಲ್ಲಿಸಿಬಿಟ್ಟರು.

"ಏ ಧರ್ಮಣ್ಣಾ, ಪಂಖಾ!" ಒಳಗಿನಿಂದ ಗದ್ದಲ.

"ಉಣ್ಣೂತನಕ ಬಂದ್! ಗಾಳಿ ಬೇಕಂದ್ರ ಹೊರಗ್ ಬಂದು ಕುಂದರ್ರಿ!"

ಕೆಲಸಗಾರರು ಬೈಯುತ್ತಲೇ ಡಬ್ಬಿ ಹಿಡಿದು ಬಂದರು. ಕಾಕೂ ಬೇವಿನ ನೆರಳಲ್ಲಿ ರೊಟ್ಟಿ ಬಿಚ್ಚಿದರು. ಮೊದಲನೆಯದು ನನಗೇ ಬಂತು, ದಂಡಕ್ಕೆ ಬಂದವನಿಗೆ.

"ಎಂದಿನಿಂದ ತಲಿ ನೋಯ್ತದ?" ಕಾಕಾ ಎಂದಿನಂತೆ ಕೂಗಿ ಕೇಳಿದರು.

"ಒದರಬ್ಯಾಡ್ರಿ," ಎಂದರು ಕಾಕೂ. "ಇಲ್ಲೇ ಅದೀನಲ್ರಿ."