ಹಾಕಿಯೇ ಬಿಟ್ಟ ಸ್ವಿಚ್

ನಮ್ಮ ಕಡೆ ಕರೆಂಟ್ ಹೋದರೆ ಯಾರೂ ಬಲ್ಬಿನ ಸ್ವಿಚ್ ಆರಿಸುವುದಿಲ್ಲ. ಬಂದಾಗ ಗೊತ್ತಾಗಲಿ ಎಂದು ಹಾಗೇ ಬಿಡುತ್ತೇವೆ. ಮನೆಮನೆಗೆ ಹೋಗಿ ನೆಲಕ್ಕೆ ಪಾಲಿಶ್ ಹಾಕುವ ನಾನು ನನ್ನ ಮಿಷನ್ನಿಗೂ ಅದನ್ನೇ ಮಾಡುತ್ತಿದ್ದೆ.

ಸಂಸೆಯ ಒಂದು ಮನೆಯಲ್ಲಿ ಜಗಲಿಯ ಅರ್ಧ ನೆಲ ಮುಗಿದಿತ್ತು. ಅಷ್ಟರಲ್ಲಿ ಕರೆಂಟ್ ಹೋಯಿತು. ಸುಮ್ಮನೆ ಕೂರುವುದು ನನ್ನ ಜಾಯಮಾನವಲ್ಲ. ಚಾಲೂ ಆದರೆ ನನ್ನನ್ನೇ ಎಳೆದಾಡುವ ಆ ಮಿಷನ್ನನ್ನು ಹಿಂದಕ್ಕೆ ಮಲಗಿಸಿ, ಅಡಿಯಲ್ಲಿ ನೆಲ ಉಜ್ಜುವ ಸವೆದ ಕಲ್ಲುಗಳನ್ನು ಬಿಚ್ಚತೊಡಗಿದೆ. ಒಂದು ಕಲ್ಲು ಕಚ್ಚಿಕೊಂಡಿತ್ತು. ಎರಡೂ ಕೈ ಹಾಕಿ ಎಳೆಯುತ್ತಿದ್ದೆ.

ಕಾಫಿ ತಂದ ಮನೆಯ ಅಮ್ಮ ಬಾಗಿಲಲ್ಲೇ ನಿಂತರು.

"ಅದರ ಸ್ವಿಚ್ ಆಫ್ ಮಾಡಿದ್ಯ?"

"ಇಲ್ಲ ಅಮ್ಮ. ಕರೆಂಟ್ ಬಂದ್ರೆ ಗೊತ್ತಾಗ್ಬೇಕಲ್ಲ?"

ಅವರು ಲೋಟವನ್ನು ಕಿಟಕಿಯಲ್ಲಿಟ್ಟು, ನೇರ ಗೋಡೆಯ ಹತ್ತಿರ ಹೋಗಿ ಪ್ಲಗ್ ಕಿತ್ತರು.

ನನಗೆ ರೇಗಿಹೋಯಿತು. "ನಿಮಗ್ಯಾಕಮ್ಮ ಅದೆಲ್ಲ? ಹದಿನೈದು ವರ್ಷದಿಂದ ಇದೇ ಕೆಲಸ ಮಾಡ್ತಾ ಇದೀನಿ."

"ಮಿಕ್ಸಿ ಜಾರಿಗೆ ಕೈ ಹಾಕ್ಬೇಕಾದ್ರೂ ನಾನು ಪ್ಲಗ್ ತೆಗೀತೀನಿ ಮಾರಾಯ," ಎಂದರು. "ಇದು ಮಿಕ್ಸಿಗಿಂತ ದೊಡ್ಡದಲ್ವ?"

ಮಿಕ್ಸಿಯ ಬುದ್ಧಿ ನನಗೆ ಹೇಳಬೇಡಿ ಎನ್ನಲು ಬಾಯಿ ತೆರೆದೆ. ತಲೆಯ ಮೇಲೆ ಬಲ್ಬ್ ಹೊತ್ತಿಕೊಂಡಿತು. ಒಳಗೆ ಫ್ರಿಜ್ ಗುಂಯ್ ಎಂದಿತು.

ಮಿಷನ್ ಮಾತ್ರ ಮಲಗಿಯೇ ಇತ್ತು. ಅದರ ಕಲ್ಲುಗಳ ನಡುವೆ ನನ್ನ ಹತ್ತೂ ಬೆರಳುಗಳಿದ್ದವು. ಪ್ಲಗ್ ಇನ್ನೂ ಅಮ್ಮನ ಕೈಯಲ್ಲೇ ಇತ್ತು.