ದೋಣಿಯ ಮುದುಕಿ ಕೇಳಿದ ಲೆಕ್ಕ

ಇಂಥದ್ದನ್ನೆಲ್ಲ ನಾನು ನಂಬುವವಳಲ್ಲ, ಮೊದಲೇ ಹೇಳಿಬಿಡುತ್ತೇನೆ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಪಿಯುಸಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದೇನೆ. ಸ್ಟಾಫ್ ರೂಮಿನಲ್ಲಿ ಯಾರಾದರೂ ಕನಸಿನಲ್ಲಿ ಕಂಡದ್ದು ಹಾಗೆಯೇ ಆಯಿತು ಎಂದು ಶುರು ಮಾಡಿದರೆ, ಆಗದೇ ಹೋದ ಕನಸು ಎಷ್ಟು, ಅದನ್ನೂ ಹೇಳಿ ಎಂದು ಬಾಯಿ ಮುಚ್ಚಿಸುವವಳು ನಾನೇ. ಅದಕ್ಕಾಗಿ ಬೆನ್ನ ಹಿಂದೆ ನನಗೊಂದು ಅಡ್ಡಹೆಸರೂ ಉಂಟು, ಅದನ್ನು ಇಲ್ಲಿ ಬರೆಯುವುದಿಲ್ಲ. ಈಗ ನಾನೇ ಒಂದು ಹೇಳಲು ಕೂತಿದ್ದೇನೆ. ನಗುವವರು ನಗಲಿ, ನಾನೂ ಬೇಕಾದಷ್ಟು ಜನರನ್ನು ನೋಡಿ ನಕ್ಕಿದ್ದೇನೆ.

ಇದು ಅರ್ಥವಾಗಬೇಕಾದರೆ ಅಮ್ಮನ ವಿಷಯ ತಿಳಿದಿರಬೇಕು. ಅಮ್ಮ ಗಿರಿಜಾ, ಉದ್ಯಾವರದಲ್ಲಿ ನನ್ನ ಜೊತೆಗೇ ಇದ್ದಾರೆ. ಗಟ್ಟಿ ಹೆಂಗಸು. ಮೀನಿನವಳ ಹತ್ತಿರ ಇವತ್ತಿಗೂ ಅರ್ಧ ಗಂಟೆ ಚರ್ಚೆ ಮಾಡಿ, ಕೊನೆಗೆ ಅವಳಿಗೇ ಚಹಾ ಕೊಟ್ಟು ಕಳಿಸುತ್ತಾರೆ. ಪ್ರಾಯ ಕೇಳಿದರೆ ಮಾತ್ರ, "ಅರವತ್ತೆಂಟೋ ಎಪ್ಪತ್ತೋ, ಯಾರಿಗೆ ಬೇಕು ಮಾರಾಯ್ತಿ" ಎಂದು ತೇಲಿಸಿಬಿಡುತ್ತಾರೆ. ಶಾಲೆಯ ದಾಖಲೆಯಲ್ಲಿ ಅವರ ಕಾಲದ ಅರ್ಧ ಊರಿನ ಹಾಗೆ ಜೂನ್ ಒಂದು ಎಂದು ಹೆಡ್‌ಮಾಸ್ಟರು ಬರೆದದ್ದುಂಟು. ಹುಟ್ಟುಹಬ್ಬ ಅಂತ ನಾವು ಪಾಯಸ ಮಾಡಿದರೆ ಅಮ್ಮ ಅದನ್ನು ಮುಟ್ಟುವುದಿಲ್ಲ.

ಕಾರಣ ಇಷ್ಟೇ. ಅಮ್ಮನನ್ನು ಸಾಕಿದ್ದು ಕಾಪುವಿನಲ್ಲಿದ್ದ ಅವರ ಸೋದರತ್ತೆ. ಆ ಹೆಂಗಸು ಸಿಟ್ಟು ಬಂದಾಗಲೆಲ್ಲ "ಹುಟ್ಟುತ್ತಲೇ ತಾಯಿಯನ್ನು ತಿಂದವಳು" ಎನ್ನುತ್ತಿದ್ದರಂತೆ. ಒಮ್ಮೆ ಬೂತಾಯಿ ಮೀನು ಶುಚಿ ಮಾಡುತ್ತ, ತಲೆ ಎತ್ತದೆ ಅಮ್ಮ ನನಗೆ ಇದನ್ನು ಹೇಳಿದ್ದರು. ತಾನು ಹುಟ್ಟಿದ್ದಕ್ಕೇ ತನ್ನಮ್ಮ ಸತ್ತದ್ದು, ಹಾಗೆ ಅವರ ನಂಬಿಕೆ. ಶಿಶು ಯಾರನ್ನೂ ಕೊಲ್ಲುವುದಿಲ್ಲ ಎಂದು ನಾನು ಎಷ್ಟೋ ಸಲ ಜಗಳವಾಡಿದ್ದೇನೆ. ಆಗ ಅಮ್ಮ ಹೂಂ ಎನ್ನುತ್ತಿದ್ದರು, ಆದರೆ ಮನಸ್ಸು ಒಪ್ಪುತ್ತಿರಲಿಲ್ಲ. ಎಪ್ಪತ್ತು ವರ್ಷ ಹೊತ್ತ ಭಾರ ನನ್ನ ಎರಡು ಮಾತಿಗೆ ಇಳಿದೀತೇ?

ಈಗ ಒಂದು ಆಟದ ವಿಷಯ. ನಿಟ್ಟೆ ಕಡೆಯ ನಮ್ಮ ಕಾಲೇಜಿನಲ್ಲಿ ನನ್ನ ಜೊತೆ ಇಂಗ್ಲಿಷ್ ಕಲಿಸುವ ನಂದಿನಿ ಕುಂದಾಪುರದವಳು. ಗಂಡ ಸುದರ್ಶನ್ ಧಾರವಾಡ ಕಡೆಯವರು, ಮಣಿಪಾಲದಲ್ಲಿ ಪ್ರಿಂಟಿಂಗ್ ಕೆಲಸ. ಭಾನುವಾರ ಮಧ್ಯಾಹ್ನ ಅವರ ಫ್ಲ್ಯಾಟಿನಲ್ಲಿ ಪಾತ್ರ ವಹಿಸುವ ಆಟ ನಡೆಯುತ್ತದೆ. ಸುದರ್ಶನ್ ಕಥೆ ನಡೆಸುತ್ತಾರೆ. ಉಳಿದವರು ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ, ಕಾಡು ಹೊಳೆ ದಾಟುತ್ತ, ಇಪ್ಪತ್ತು ಮುಖದ ದಾಳ ಹಾಕುತ್ತ ಹೋಗುವುದು. ಪ್ರಾಯಕ್ಕೆ ಬಂದವರ ಹುಡುಗಾಟ ಎಂದು ನಾನು ಮೂಗು ಮುರಿದಿದ್ದೆ. ಎರಡು ವರ್ಷದ ಹಿಂದೆ ಒಂದು ಭಾನುವಾರ ನಂದಿನಿ ಗೋಳಿಬಜೆಯ ಆಸೆ ತೋರಿಸಿ ಎಳೆದುಕೊಂಡು ಹೋದಳು. ಅವತ್ತು ಆಟಕ್ಕೆ ಇದ್ದದ್ದು ನಾವು ಮೂವರೇ. ನಾಲ್ಕನೆಯ ಗೋಳಿಬಜೆಯ ಹೊತ್ತಿಗೆ ನಾನು ಮದ್ದು ಅರೆಯುವ ಹೆಂಗಸಾಗಿ ಅವರ ಜೊತೆ ಹೊಳೆಯ ಬದಿಗೆ ಬಂದು ನಿಂತಿದ್ದೆ. ಸುಳ್ಳು ಯಾಕೆ ಹೇಳಲಿ, ಭಾರಿ ಖುಷಿಯೂ ಆಗಿತ್ತು.

ಹೊಳೆ ದಾಟಿಸುವವಳು ಒಬ್ಬ ಮುದುಕಿ. ಸುದರ್ಶನ್ ಮುದುಕಿಯ ದನಿ ಮಾಡಿ ಹೇಳಿದರು: "ಮಗಳನ್ನು ಬಿಟ್ಟು ಹೊರಟ ದಿನ ನನ್ನ ಪ್ರಾಯ ಅವಳ ಪ್ರಾಯದ ಹನ್ನೆರಡು ಪಟ್ಟು. ಅಲ್ಲಿಂದ ಇಪ್ಪತ್ತು ವರ್ಷ ಕಳೆದಾಗ ನನ್ನದು ಅವಳದ್ದರ ಎರಡೇ ಪಟ್ಟು. ನಾನು ಹೊರಟಾಗ ಮಗಳಿಗೆ ಎಷ್ಟು ಪ್ರಾಯ? ತಪ್ಪು ಹೇಳಿದರೆ ದೋಣಿ ಮುಳುಗುತ್ತದೆ."

ನಂದಿನಿ ಆರು ವಾರದಿಂದ ಸಾಕಿ ಬೆಳೆಸಿದ ಪಾತ್ರ ಆ ದೋಣಿಯಲ್ಲಿತ್ತು. ಅವಳು ಗಾಬರಿಯಲ್ಲಿ, "ಹುಟ್ಟಿದ ಕೂಡಲೇ ಬಿಟ್ಟು ಹೋದದ್ದಲ್ವಾ? ಸೊನ್ನೆ!" ಎಂದಳು.

"ಸೊನ್ನೆಯ ಹನ್ನೆರಡು ಪಟ್ಟು ಸೊನ್ನೆಯೇ. ತಾಯಿಗೂ ಸೊನ್ನೆ ಪ್ರಾಯ ಎಂತ?" ಎಂದು ನಾನು ಗದರಿದೆ. ಮಗು ಆಗ ತಾನೇ ಹುಟ್ಟಿದ್ದಾಗಿರಲು ಸಾಧ್ಯವೇ ಇಲ್ಲ ಎಂದೂ ಹೇಳಿದೆ. ಬಿಸ್ಕತ್ತಿನ ಪೊಟ್ಟಣ ಬಿಡಿಸಿ ಒಳಬದಿಯಲ್ಲಿ ಬರೆದೆ. ಮಗಳು x, ತಾಯಿ 12x. ಇಪ್ಪತ್ತು ವರ್ಷದ ಮೇಲೆ 12x + 20 = 2(x + 20). ಅಂದರೆ 10x = 20, x = 2. ಮಗಳಿಗೆ ಎರಡು, ತಾಯಿಗೆ ಇಪ್ಪತ್ತನಾಲ್ಕು. ಇಪ್ಪತ್ತು ಕೂಡಿಸಿ ತಾಳೆ ನೋಡಿದೆ: ಇಪ್ಪತ್ತೆರಡು, ನಲವತ್ತನಾಲ್ಕು. ಸರಿ ಉಂಟು.

"ಎರಡು ವರ್ಷ" ಎಂದೆ.

ಆಗ ಮೇಜಿನ ಆ ಬದಿಯಿಂದ, ಸುದರ್ಶನ್ ಕೂತಲ್ಲಿಂದ, ತುಳುವಿನಲ್ಲಿ ಮಾತು ಬಂತು. "ರಡ್ಡ್ ವರ್ಸ ಎನ್ನ ಸೊಂಟೊಡೇ ಇತ್ತಲ್." ಎರಡು ವರ್ಷ ನನ್ನ ಸೊಂಟದಲ್ಲೇ ಇದ್ದಳು, ಎಂದು ಅರ್ಥ. ಮುದುಕಿಯ ದನಿ ಅಲ್ಲ ಅದು, ಕೆಲಸದ ಮಧ್ಯೆ ಮಾತಾಡುವ ಎಳೆ ಪ್ರಾಯದ ಹೆಂಗಸಿನ ದನಿ.

ಸುದರ್ಶನ್‌ಗೆ ತುಳುವಿನಲ್ಲಿ ಹೇಗಿದ್ದೀರಿ ಎಂದು ಕೇಳಲಿಕ್ಕಷ್ಟೇ ಗೊತ್ತು, ಅದನ್ನೂ ಕೇಳುವವರಿಗೆ ನಗು ಬರುವ ಹಾಗೆ ಹೇಳುತ್ತಾರೆ. "ಈಗ ಎಂತ ಹೇಳಿದಿರಿ?" ಎಂದು ಕೇಳಿದೆ.

"ಏನ್ರೀ ಮೇಡಂ, 'ದಾಟಿ ಹೋಗ್ರಿ' ಅಂದೆ, ಅಷ್ಟ" ಎಂದರು. ತುಳು ಮಾತಾಡಲು ಬಾರದ ನಂದಿನಿಯನ್ನು ಕೇಳಿದರೆ, "ತುಳು ಕೇಳಿತಪ್ಪ. ನೀವೇ ಹೇಳಿದ್ದಲ್ವಾ?" ಎಂದು ನನ್ನನ್ನೇ ನೋಡಿದಳು.

ನಾನು ಬಾಯಿ ತೆರೆದಿರಲಿಲ್ಲ. ಎದ್ದು ಹೋಗಿ ಸುದರ್ಶನ್ ಅವರ ನೋಟ್‌ಬುಕ್ ನೋಡಿದೆ. 'ಹೊಳೆ, ಮುದುಕಿ, ಒಗಟು' ಎಂದಷ್ಟೇ ಇತ್ತು, ಒಗಟು ಬರೆದಿರಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿದ್ದು, ಉತ್ತರ ಸರಿ ಬರುತ್ತದೋ ಇಲ್ಲವೋ ತನಗೇ ಗೊತ್ತಿರಲಿಲ್ಲ ಎಂದರು. ಇದು ನನ್ನನ್ನು ಹೆಚ್ಚು ಕಾಡಿತು. ಪ್ರಶ್ನೆಪತ್ರಿಕೆ ತಯಾರು ಮಾಡುವವರನ್ನು ಕೇಳಿ ನೋಡಿ. ಬಾಯಿಗೆ ಬಂದ ಸಂಖ್ಯೆ ಹಾಕಿದರೆ ಉತ್ತರ ಹೆಚ್ಚಾಗಿ ಭಿನ್ನರಾಶಿಯಲ್ಲಿ ಹೋಗಿ ಸಿಕ್ಕಿಹಾಕಿಕೊಳ್ಳುತ್ತದೆ. ಇಷ್ಟು ಚೊಕ್ಕ ಉತ್ತರ ಬೇಕಾದರೆ ಉತ್ತರದಿಂದ ಶುರು ಮಾಡಿ ಪ್ರಶ್ನೆಯ ಕಡೆಗೆ ಹಿಂದೆ ಬರಬೇಕು.

ಅಜ್ಜಿ ಹೋದಾಗ ಅಮ್ಮನಿಗೂ ಎರಡು ವರ್ಷ ಆಗಿತ್ತೇ ಎಂಬ ಹುಳ ತಲೆಯೊಳಗೆ ಹೊಕ್ಕಿತು. ಮನೆಗೆ ಬಂದು ಅಮ್ಮನಿಗೆ ಆಟದ ವಿಷಯ ಹೇಳಲಿಲ್ಲ. ಶಾಲೆಗೆ ಸೇರುವ ಮೊದಲಿನ ಕಾಗದ ಯಾವುದಾದರೂ ಉಂಟಾ ಎಂದಷ್ಟೇ ಕೇಳಿದೆ. "ನನ್ನದೆಂತ ಕಾಗದ? ಕಾರ್ಕಳದಲ್ಲಿ ಜಯನ ಹತ್ತಿರ ಕುಟುಂಬದ ಪಾಲುಪಟ್ಟಿ ಉಂಟು, ಅಷ್ಟೆ" ಎಂದರು.

ಪಾಲುಪಟ್ಟಿ! ನನ್ನ ತಲೆಗೆ ಅದು ಯಾಕೆ ಹೊಳೆದಿರಲಿಲ್ಲವೋ. ನಮ್ಮಲ್ಲಿ ಆಸ್ತಿ ತಾಯಿಯ ಕಡೆಯಿಂದ ಬರುತ್ತಿದ್ದ ಕಾಲ ಅದು. ಕುಟುಂಬ ಪಾಲಾಗುವಾಗ ಹೆಂಗಸರು, ಅವರ ಮಕ್ಕಳು, ತೊಟ್ಟಿಲ ಶಿಶು, ಎಲ್ಲರ ಹೆಸರನ್ನೂ ಪ್ರಾಯವನ್ನೂ ಪತ್ರದಲ್ಲಿ ಬರೆಯಲೇಬೇಕು, ಶಿಶುವಿಗೂ ಹಕ್ಕು ಉಂಟಲ್ಲ. ಉತ್ತರ ತಪ್ಪೆಂದು ತೋರಿಸಿ ನೆಮ್ಮದಿಯಿಂದ ಇರೋಣ ಎಂದುಕೊಂಡು, ಮುಂದಿನ ಶನಿವಾರ ಸುಮ್ಮನೆ ಬನ್ನಿ ಎಂದು ಅಮ್ಮನನ್ನು ಕಾರ್ಕಳದ ಬಸ್ಸು ಹತ್ತಿಸಿದೆ.

ಜಯ ಮಾಮ ಅಮ್ಮನ ದೊಡ್ಡಮ್ಮನ ಮಗ, ಅಮ್ಮನಿಗಿಂತ ಚಿಕ್ಕವರು. ಪ್ಲಾಸ್ಟಿಕ್ ಚೀಲದಿಂದ ಪಾಲುಪಟ್ಟಿ ತೆಗೆದರು. ಬಾವಿಯ ತಕರಾರಿಗೆ, ಸರ್ವೆಗೆ, ಕೋರ್ಟಿಗೆ ಎಂದು ಅದನ್ನು ಹೊತ್ತು ತಿರುಗಿದ್ದೇ ತಿರುಗಿದ್ದು. ಆದರೆ ಎಲ್ಲರೂ ನೋಡಿದ್ದು ಚಕ್ಕುಬಂದಿಯನ್ನು. ಪೂರ್ವಕ್ಕೆ ಯಾರ ಗದ್ದೆ, ಪಶ್ಚಿಮಕ್ಕೆ ಯಾರ ತೋಡು, ಅದು ಬಾಯಿಪಾಠ. ಮೊದಲ ಪುಟದ ಹೆಸರುಗಳನ್ನು ಒಬ್ಬರೂ ಓದಿರಲಿಲ್ಲ. ನಾನು ಓದಿದೆ. ಏಳನೆಯ ಹೆಸರು ನನ್ನ ಅಜ್ಜಿಯದು, ಪ್ರಾಯ ಇಪ್ಪತ್ತನಾಲ್ಕು. ಅದರ ಕೆಳಗೆ, ಸದರಿಯವಳ ಮಗಳು ಮೈನರ್ ಗಿರಿಜೆ, ಪ್ರಾಯ ಎರಡು. ಕೊನೆಯ ಪುಟದಲ್ಲಿ, ತನಗೂ ಮೈನರ್ ಮಗಳ ಪರವಾಗಿಯೂ ಎಂದು ಬರೆದಲ್ಲಿ ಅಜ್ಜಿಯ ಹೆಬ್ಬೆಟ್ಟು.

"ಪಾಲಾದ ವರ್ಷವೇ ಚಿಕ್ಕಮ್ಮ ಜ್ವರದಲ್ಲಿ ಹೋದದ್ದು ಎಂದು ನನ್ನಮ್ಮ ಹೇಳುತ್ತಿದ್ದರು" ಎಂದರು ಜಯ ಮಾಮ. "ನಿಮಗೆ ಗೊತ್ತಿಲ್ವಾ ಅಕ್ಕ?"

ಅಮ್ಮ ಅವರಲ್ಲಿ ಕೇಳಿರಲೇ ಇಲ್ಲ. ತಪ್ಪು ತನ್ನದೇ ಎಂದುಕೊಂಡವರು ಹೋಗಿ ವಿಚಾರಿಸುತ್ತಾರೆಯೇ? ಪಾಲಾದ ಮೇಲೆ ಕಾಪುವಿನ ಮನೆಗೂ ಕಾರ್ಕಳದ ಮನೆಗೂ ಮಾತಿರಲಿಲ್ಲ, ಹೇಳುವವರೂ ಇರಲಿಲ್ಲ. ನನಗೆ ಆ ಸೋದರತ್ತೆಯ ಮೇಲೆ ಎಷ್ಟು ಸಿಟ್ಟು ಬಂತೆಂದರೆ, ಅವರು ತೀರಿಹೋಗಿ ಬಚಾವಾದರು.

ಆಮೇಲೆ ನಾನು ನನ್ನನ್ನೇ ಬೇಕಾದಷ್ಟು ಪಾಟೀಸವಾಲು ಮಾಡಿಕೊಂಡಿದ್ದೇನೆ. ಚಿಕ್ಕಂದಿನಲ್ಲಿ ಯಾರೋ ಆ ಪತ್ರ ಓದಿದ್ದು ಕಿವಿಗೆ ಬಿದ್ದಿತ್ತೇ? ಆದರೆ ಒಗಟು ಹೇಳಿದ್ದು ನಾನಲ್ಲ, ಧಾರವಾಡದವರು. ಆಕಸ್ಮಿಕ ಎನ್ನೋಣ ಎಂದರೆ, ಸಂಖ್ಯೆ ಆಕಸ್ಮಿಕವಾಗಿ ಕೂಡಬಹುದು, ಆ ತುಳು ಮಾತಿಗೆ ಎಂತ ಹೇಳುವುದು? ಸುದರ್ಶನ್ ಇವತ್ತಿಗೂ ತಾನು ಹೇಳಿಲ್ಲ ಎನ್ನುತ್ತಾರೆ, ನಂದಿನಿ ಇವತ್ತಿಗೂ ನಾನೇ ಹೇಳಿದ್ದೆಂದು ವಾದಿಸುತ್ತಾಳೆ. ನನ್ನ ಹತ್ತಿರ ಉತ್ತರ ಇಲ್ಲ. ಉತ್ತರ ಇಲ್ಲ ಎಂದು ಬರೆಯಲು ನನ್ನಂಥವಳಿಗೆ ಎಷ್ಟು ಕಷ್ಟ ಎಂದು ನಿಮಗೆ ಹೇಳಬೇಕಾಗಿಲ್ಲ.

ಅಮ್ಮನಿಗೆ ಈ ಯಾವ ತಲೆಬಿಸಿಯೂ ಇಲ್ಲ. ಅವತ್ತು ವಾಪಸು ಬರುವಾಗ ಬಸ್ಸಿನಲ್ಲಿ ಆಟದ ಕಥೆಯನ್ನೆಲ್ಲ ಹೇಳಿದೆ. ಕಿಟಕಿಯ ಬದಿಗೆ ಕೂತು ಪೂರ್ತಿ ಕೇಳಿದರು, ಹೇಗೆ, ಯಾಕೆ ಎಂದು ಒಂದು ಪ್ರಶ್ನೆ ಹಾಕಲಿಲ್ಲ. ಆಮೇಲೆ ನನ್ನ ಕೈ ಹಿಡಿದರು.

"ಎರಡು ವರ್ಷದ ಮಕ್ಕಳಿಗೆ ಮಾತು ಬರುತ್ತದಲ್ವಾ?"

"ಬರುತ್ತದೆ" ಎಂದೆ.

"ಹಾಗಾದರೆ ನಾನೂ ಅಮ್ಮ ಎಂದು ಕರೆದಿದ್ದೇನೆ."