ಕಿನ್ನಿಯಕ್ಕನ ಮನೆಯ ಮೇಲೆ ಬಿದ್ದ ಮರ

ಬಿಕರ್ನಕಟ್ಟೆಯ ಕಿನ್ನಿಯಕ್ಕ ಶಾಲಾ ಸಮವಸ್ತ್ರ ಹೊಲಿದು ಬದುಕುವವರು. ಗಂಡ ಹೋದ ಮೇಲೆ ಹೊಲಿಗೆ ಯಂತ್ರವೊಂದೇ ಆಧಾರ. ಶಾಲೆ ಶುರುವಾಗುವ ಹೊತ್ತಿಗೆ ಬೀಸಿದ ಗಾಳಿಗೆ ಹಿತ್ತಲಿನ ನಾಗಬನದ ಹಾಲೆಮರ ಬುಡಸಹಿತ ಕಿತ್ತು ಮನೆಯ ಮೇಲೆ ಬಿತ್ತು. ಹಂಚು ಒಡೆದು, ಕಾಂಡ ಹೊಲಿಗೆಯ ಕೋಣೆಗೇ ಇಳಿಯಿತು. ಕೊಂಬೆಗಳ ಸಂದಿಯಲ್ಲಿ ಯಂತ್ರ ಕಾಣುತ್ತಿತ್ತು, ಮರ ಕೊಯ್ಯದೆ ಹೊರಗೆಳೆಯುವಂತಿರಲಿಲ್ಲ. ಅದು ಮುರಿದಿರಲಿಲ್ಲ, ಮಳೆಗೆ ನೆನೆಯುತ್ತಿತ್ತು.

ಮರ ಕೊಯ್ಯುವ ನೆವಿಲ್ ಗರಗಸ ತಂದವನು ಮುಟ್ಟದೆ ನಿಂತ.

“ನಾಗನ ಮರ ಅಕ್ಕಾ. ನಾನು ಇಗರ್ಜಿಗೆ ಹೋಗುವ ಕ್ರಿಶ್ಚಿಯನ್ ಆದ್ರೂ ನನಗೂ ಮಕ್ಕಳು ಉಂಟು, ನಾಗದೋಷ ತಟ್ಟಿದ್ರೆ? ಮೊದಲು ಭಟ್ರನ್ನು ಕರೆಸಿ ಪ್ರಾರ್ಥನೆ ಮಾಡಿಸಿ.”

“ಮೊನ್ನೆ ನನ್ನ ಗಂಡನ ಅಣ್ಣ ತೀರಿಹೋದದ್ದಲ್ವಾ, ನಮಗೆ ಸೂತಕ. ಅದು ಕಳೆಯದೆ ಭಟ್ರು ಬನಕ್ಕೆ ಬರುವುದಿಲ್ಲ. ಬೀಳುವಾಗ ಈ ಮರ ಎಂತ ಸೂತಕ ನೋಡಿತಾ ಮಾರಾಯ?”

ನೆವಿಲ್ ನಗಲಿಲ್ಲ. ಯಂತ್ರಕ್ಕೆ ಹೊದಿಸಲೆಂದು ತನ್ನ ಟಾರ್ಪಾಲು ಬಿಟ್ಟುಹೋದ. ಕೊಂಬೆಗಳಿಗೆ ಸಿಕ್ಕಿ ಅದು ಯಂತ್ರದವರೆಗೆ ತಲುಪಲಿಲ್ಲ.

ಸೂತಕ ಕಳೆದು, ಪ್ರಾರ್ಥನೆಯಾದ ಮೇಲೆ ನೆವಿಲ್ ಬಂದು ಮರ ಕೊಯ್ದ. ಕಿನ್ನಿಯಕ್ಕ ಯಂತ್ರಕ್ಕೆ ಎಣ್ಣೆ ಬಿಟ್ಟು ತುಕ್ಕು ಹಿಡಿದ ಚಕ್ರದ ಮೇಲೆ ಕೈಯಿಟ್ಟರು. ತಿರುಗಲಿಲ್ಲ. ಇನ್ನೊಮ್ಮೆ ಎಣ್ಣೆ ಬಿಟ್ಟು ಕಾದರು. ಹೊರಗೆ ಓಣಿಯ ಮಕ್ಕಳು, ಬೇರೆಲ್ಲೋ ಹೊಲಿಸಿದ ಸಮವಸ್ತ್ರ ತೊಟ್ಟು ಶಾಲೆಗೆ ಹೋಗುತ್ತಿದ್ದರು.